ಮೊದಲು ಕಾವು, ಅನಂತರ ಕಾಳು

ಮೊನ್ನೆ ನಮ್ಮ ಕಚೇರಿಗೆ ವಾಚಕ ಮಿತ್ರರೊಬ್ಬರು ದಯಮಾಡಿಸಿದ್ದರು. ಕೋಟೆ ವಿಭಾಗದ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿರುವ ಈ ಮಹನೀಯರು ಚಂದಾ ಹಣ ಕೊಟ್ಟು ರಶೀದಿ ಪಡೆದ ಮೇಲೂ ಏಳದೆ ಕುಳಿತಿದ್ದರು. ಏನೋ ಹೇಳಲು ಸಂಕೋಚಪಡುತ್ತಿರುವಂತೆ ಕಂಡುದರಿಂದ ನಾವೇ ವಿಚಾರಿಸಿದೆವು. ಊರಿನಲ್ಲಿರುವ ಅವರ ತಾಯಿಯವರು ಹೇಂಟೆಯೊಂದನ್ನು ಕಾವಿಗೆ ಕೂರಿಸಿದ್ದರಂತೆ. ಹತ್ತು ಮೊಟ್ಟೆಗಳಲ್ಲಿ ಎಂಟು ಮರಿಯಾದವು. ಎಂಟನೆಯದು ಮಾತ್ರ ಒಂದು ದಿನ ತಡವಾಗಿ ಹೊರಬಂದು, ಉಳಿದವುಗಳ ಅರ್ಧದಷ್ಟೂ ಇಲ್ಲದೆ, ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದೆಯಂತೆ. “ಅದಕ್ಕೆ ಏನು ತಿನ್ನಿಸುವುದು ಮಗಾ?” ಎಂದು ತಾಯಿ ಫೋನಿನಲ್ಲಿ ಕೇಳಿದರು; ಮಗನಿಗೆ ಉತ್ತರ ತಿಳಿಯಲಿಲ್ಲ.

“ಇದು ಪತ್ರಿಕೆಯಲ್ಲಿ ಬರೆಯುವಂಥ ವಿಷಯವಲ್ಲ, ಆದರೂ ಕೇಳಿದೆ” ಎಂದು ಅವರು ನಕ್ಕರು. ನಮಗೆ ಹಾಗೆನ್ನಿಸಲಿಲ್ಲ. ನಮ್ಮ ವಾಚಕರಲ್ಲಿ ಎಷ್ಟೋ ಜನರ ಮನೆಯಂಗಳದಲ್ಲಿ ನಾಲ್ಕಾರು ಕೋಳಿಗಳಿರುವುದುಂಟು. ನಾವು ಇಲ್ಲಿಂದ ಕಳುಹಿಸುವ ಹಣಕ್ಕೆ ನೂರು ಲೆಕ್ಕಗಳಿರುತ್ತವೆ. ಆದರೆ ಮೊಟ್ಟೆ ಮಾರಿ, ಹುಂಜ ಮಾರಿ ಬಂದ ಹಣ ತಾಯಂದಿರ ಸೆರಗಿನ ಗಂಟು; ಅದನ್ನು ಖರ್ಚು ಮಾಡಲು ಅವರು ಯಾರನ್ನೂ ಕೇಳಬೇಕಾಗಿಲ್ಲ. ಆದುದರಿಂದ ಒಂದು ಮರಿ ಉಳಿಯುವುದೂ ಅಳಿಯುವುದೂ ಅಲ್ಪ ಸಂಗತಿಯೇನಲ್ಲ.

ಆದರೆ “ಏನು ತಿನ್ನಿಸುವುದು?” ಎಂಬ ಪ್ರಶ್ನೆಯಲ್ಲಿಯೇ ಒಂದು ತಪ್ಪು ಅಡಗಿದೆ. ಬಡಕಲು ಮರಿಯನ್ನು ಕಂಡೊಡನೆ ಎಲ್ಲರ ಮನಸ್ಸೂ ಮೊದಲು ಆಹಾರದ ಕಡೆಗೆ ಓಡುತ್ತದೆ. ಅದಕ್ಕೆ ಮೊದಲು ಬೇಕಾದುದು ಕಾವು, ಎರಡನೆಯದು ನೀರು, ಮೂರನೆಯದು ಕಾಳು. ಈ ಕ್ರಮ ತಪ್ಪಿದರೆ ಒಳ್ಳೆಯ ಆಹಾರವೂ ವ್ಯರ್ಥವಾಗುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಒಂದು ಮರಿಯನ್ನು ಕೊಂದು ಕಲಿತೆವು.

ನಮ್ಮಿಂದಾದ ತಪ್ಪು

೨೦೧೬ರ ಜುಲೈ ತಿಂಗಳ ಮಾತು. ಆಗ ನಾವು ಮುಂಬಯಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದೆವು. ಬೈಂದೂರು ಕಡೆಯ ಹತ್ತೊಂಬತ್ತರ ಹುಡುಗನೊಬ್ಬ ಮೇಜು ಒರೆಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದ. ಬಂದು ತಿಂಗಳಾದರೂ ಅವನ ಮೈ ಹಿಡಿದಿರಲಿಲ್ಲ, ಸರಿಯಾಗಿ ಉಣ್ಣುತ್ತಿರಲಿಲ್ಲ, ಕರೆದರೆ ಒಂದು ಕ್ಷಣ ತಡವಾಗಿ ತಿರುಗುತ್ತಿದ್ದ. ‘ಇವನಿಂದ ಆಗುವ ಕೆಲಸವಲ್ಲ, ಊರಿಗೆ ಕಳುಹಿಸಿಬಿಡುವುದೇ ಲೇಸು’ ಎಂದು ನಾವು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದೆವು.

ಒಂದು ಬೆಳಿಗ್ಗೆ ಬಾಯ್ಲರಿನ ಹಿಂದೆ ಚಿಂವ್ ಚಿಂವ್ ಎಂಬ ಸದ್ದು ಕೇಳಿಸಿತು. ನೋಡಿದರೆ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಮರಿಗಳು; ಒಂದಕ್ಕೆ ಹಸುರು ಬಣ್ಣ, ಇನ್ನೊಂದಕ್ಕೆ ಗುಲಾಬಿ. ಸ್ಟೇಶನ್ನಿನ ಬಳಿ ಬುಟ್ಟಿಯಲ್ಲಿಟ್ಟು ಮಾರುವ ಬಣ್ಣದ ಮರಿಗಳನ್ನು ನಮ್ಮ ವಾಚಕರು ಕಂಡಿರಬಹುದು. ಮೊಟ್ಟೆಯ ಜಾತಿಯ ಕೋಳಿಗಳಲ್ಲಿ ಗಂಡುಮರಿಗಳಿಂದ ಕಾರಖಾನೆಯವರಿಗೆ ಲಾಭವಿಲ್ಲ. ಅಂಥವನ್ನೇ ಹೆಚ್ಚಾಗಿ ಹೀಗೆ ಬಣ್ಣ ಬಳಿದು ಮಕ್ಕಳ ಆಟಿಕೆಯಂತೆ ಮಾರುವುದು. ಮಳೆಯಲ್ಲಿ ನೆನೆದು ತೂಕಡಿಸುತ್ತಿದ್ದ ಎರಡನ್ನು ಮಾರುವವನು ಹುಡುಗನಿಗೆ ಪುಕ್ಕಟೆಯಾಗಿಯೇ ಕೊಟ್ಟಿದ್ದ.

ನಾವು ಸಿಟ್ಟಾದೆವು. ಸಿಟ್ಟಿಗೆ ಕಾರಣವೂ ಇತ್ತು. ನೂರಾರು ಜನ ಉಣ್ಣುವ ಅಡಿಗೆಮನೆಯಲ್ಲಿ ಕೋಳಿಮರಿ ಇರಕೂಡದು. ನೋಡಲು ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲಿಯೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. “ಈ ಕ್ಷಣವೇ ಇಲ್ಲಿಂದ ತೆಗೆ” ಎಂದೆವು. ಹುಡುಗ ಪೆಟ್ಟಿಗೆಯನ್ನು ಎತ್ತಿಕೊಂಡು, “ಅಣ್ಣಾ, ಇಲ್ಲಿ ಬಿಸಿ ಉಂಟು ಅಂತ ಇಟ್ಟದ್ದು. ಹೊರಗೆ ಇಟ್ಟರೆ ಸಾಯ್ತವೆ” ಎಂದ. ನಮಗೆ ಕನಿಕರವಾಗಿ, ಮಾಳಿಗೆಯ ಮೇಲಣ ಹುಡುಗರ ಕೋಣೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದೆವು. ಅಷ್ಟಕ್ಕೇ ನಿಲ್ಲದೆ, ತಿಳಿದವರಂತೆ ನಾವೇ ಮುಂದಾಗಿ ಪೆಟ್ಟಿಗೆಯ ಮೇಲೆ ಒಂದು ದೀಪವನ್ನು ತೂಗಹಾಕಿಸಿ, ನೆನೆಸಿದ ಅಕ್ಕಿನುಚ್ಚನ್ನು ಹೊಟ್ಟೆ ತುಂಬ ತಿನ್ನಿಸಲು ಹೇಳಿದೆವು.

ದೀಪವೇನೋ ಪ್ರಕಾಶಮಾನವಾಗಿಯೇ ಉರಿಯಿತು. ಆದರೆ ಅದು ಎಲ್‌ಇಡಿ ದೀಪ. ಹಳೆಯ ತಂತಿಯ ಬಲ್ಬು ತಾನು ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಹೊರಹಾಕುತ್ತದೆ. ಎಲ್‌ಇಡಿ ದೀಪದ ಗುಣವೇ ಬೇರೆ, ಅದು ಬೆಳಕು ಕೊಡುವುದೇ ಹೊರತು ಮರಿಗೆ ಸಾಕಾಗುವಷ್ಟು ಕಾವನ್ನು ಕೊಡಲಾರದು. ಬೆಳಗಾಗುವಷ್ಟರಲ್ಲಿ ಹಸುರು ಮರಿ ಸತ್ತಿತ್ತು. ಅದರ ಚೀಲದಲ್ಲಿ, ಎಂದರೆ ಕೊರಳ ಬುಡದ ಆಹಾರದ ಚೀಲದಲ್ಲಿ, ನುಚ್ಚು ತಿನ್ನಿಸಿದ್ದು ತಿನ್ನಿಸಿದ ಹಾಗೆಯೇ ಇತ್ತು.

ಗುಲಾಬಿ ಮರಿಯನ್ನು ಹುಡುಗ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಕುಳಿತಿದ್ದ. ನಮ್ಮ ಅಡಿಗೆಯ ಭಟ್ಟರು ಏನೂ ಮಾತನಾಡದೆ ಉಗ್ರಾಣಕ್ಕೆ ಹೋಗಿ, ಧೂಳು ಹಿಡಿದ ಅರುವತ್ತು ವ್ಯಾಟಿನ ಹಳೆಯ ಬಲ್ಬೊಂದನ್ನು ಹುಡುಕಿ ತಂದುಕೊಟ್ಟರು. ಗಂಟೆಯೊಳಗೆ ಆ ಮರಿ ಕಣ್ಣು ತೆರೆಯಿತು.

ಕಾವೇ ಏಕೆ ಮೊದಲು?

ಮೊಟ್ಟೆಯಿಂದ ಹೊರಬಂದ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮೈಮೇಲಿನ ನವುರು ತುಪ್ಪಳವು ಗರಿಗಳಂತೆ ಚಳಿಯನ್ನು ತಡೆಯಲಾರದು. ತಾಯಿಯ ರೆಕ್ಕೆಯಡಿಯಲ್ಲಿ ಆ ಕೊರತೆ ತಿಳಿಯುವುದಿಲ್ಲ. ತಾಯಿ ಇಲ್ಲದಾಗ ತಿಳಿಯುತ್ತದೆ. ಗಾತ್ರದಲ್ಲಿ ಚಿಕ್ಕದಾದ ಮರಿ ಬೇಗನೆ ತಣ್ಣಗಾಗುತ್ತದೆ. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯದಕ್ಕಿಂತ ಮೊದಲು ಆರುವುದನ್ನು ಹೋಟೆಲಿನವರಿಗೆ ನಾವು ಹೇಳಬೇಕಾಗಿಲ್ಲ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ತಿನ್ನಿಸಿದ್ದೆಲ್ಲ ಹೊರೆಯೇ.

ಇನ್ನೊಂದು ಸಂಗತಿಯನ್ನು ತಿಳಿದರೆ ಆಹಾರದ ಬಗೆಗಿನ ಆತುರ ತಗ್ಗುತ್ತದೆ. ಇಪ್ಪತ್ತೊಂದು ದಿನಗಳ ಕಾವು ಮುಗಿಯುವ ಹೊತ್ತಿಗೆ ಮರಿಯು ಮೊಟ್ಟೆಯ ಹಳದಿ ಭಂಡಾರವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಿಂದ ಅದು ಎರಡು ಮೂರು ದಿನ ಅನ್ನನೀರಿಲ್ಲದೆಯೂ ಜೀವ ಹಿಡಿದಿರಬಲ್ಲದು. ಮರಿಗಳನ್ನು ದೂರದೂರಿಗೆ ಪೆಟ್ಟಿಗೆಯಲ್ಲಿ ಕಳುಹಿಸಲು ಸಾಧ್ಯವಾಗುವುದು ಇದರಿಂದಲೇ. ಹಾಗೆಂದು ಬೇಕೆಂದೇ ಉಪವಾಸ ಕೆಡವಬಾರದು. ಆದರೆ ಮೊದಲ ಗಂಟೆಯನ್ನು ಕಾವಿಗಾಗಿ ಕೊಡಲು ಹೆದರಬೇಕಾಗಿಲ್ಲ.

ಮೊದಲ ವಾರದಲ್ಲಿ ಮರಿಯಿರುವ ಜಾಗದ ಶಾಖ ೩೨ರಿಂದ ೩೫ ಡಿಗ್ರಿ ಸೆಲ್ಸಿಯಸಿನಷ್ಟಿರಬೇಕು. ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರತಕ್ಕದ್ದು. ಉಷ್ಣಮಾಪಕವಿಲ್ಲದ ಮನೆಯಲ್ಲಿ ಮರಿಯೇ ಉಷ್ಣಮಾಪಕ. ದೀಪದಡಿಯಲ್ಲಿ ಮುದುಡಿ ನಿಂತು ಒಂದೇ ಸಮನೆ ಕೂಗಿದರೆ ಚಳಿ. ದೂರ ಸರಿದು ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಕಾಲು ಚಾಚಿ ಹಾಯಾಗಿ ಮಲಗಿದರೆ ಹದವಾಗಿದೆಯೆಂದು ತಿಳಿಯಬೇಕು. ಕಾಲುಗಳನ್ನು ಮುಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ. ತಣ್ಣಗಿದ್ದರೆ ಇನ್ನೂ ಆಹಾರದ ಹೊತ್ತಾಗಿಲ್ಲ.

ಒಂದೆರಡು ಮರಿಗಳಿಗೆ ಮೊಣಕೈಯುದ್ದದ ರಟ್ಟಿನ ಪೆಟ್ಟಿಗೆ ಸಾಕು. ತಂತಿಯ ಬಲ್ಬನ್ನು ಒಂದು ತುದಿಯಲ್ಲಿ, ಮರಿಯ ತಲೆಯಿಂದ ಒಂದು ಗೇಣು ಮೇಲೆ, ಜಾರಿ ಬೀಳದಂತೆ ಭದ್ರವಾಗಿ ಕಟ್ಟಿರಿ. ರಟ್ಟಿಗಾಗಲಿ ಬಟ್ಟೆಗಾಗಲಿ ತಾಗಕೂಡದು. ಇನ್ನೊಂದು ತುದಿ ತಂಪಾಗಿಯೇ ಇರಲಿ. ಬೇಕಾದ ಕಡೆಗೆ ಮರಿ ತಾನೇ ಹೋಗುತ್ತದೆ. ಮಳೆಗಾಲದಲ್ಲಿ ಊರಿನ ಕರೆಂಟನ್ನು ನಂಬುವಂತಿಲ್ಲವಷ್ಟೆ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಆರಿದಂತೆಲ್ಲ ಬದಲಾಯಿಸಬಹುದು. ಕೆಂಡದ ಮಡಕೆ ಇಡುವ ಹಳೆಯ ರೂಢಿಯುಂಟು; ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಮರಿಗೂ ಮನುಷ್ಯರಿಗೂ ಅಪಾಯ.

ಹೇಂಟೆಯೇ ಇದ್ದರೆ ಅದಕ್ಕಿಂತ ಒಳ್ಳೆಯ ಕಾವು ಬೇರಿಲ್ಲ. ಹಗಲು ಮರಿಯನ್ನು ಬೇರೆಯಾಗಿಟ್ಟು ಉಪಚರಿಸಿ, ಕತ್ತಲಾದ ಮೇಲೆ ಮೆಲ್ಲನೆ ಅದರ ರೆಕ್ಕೆಯಡಿಗೆ ಸೇರಿಸಿರಿ. ಅದು ಕುಕ್ಕಿ ಓಡಿಸಿದರೆ ಮಾತ್ರ ದೀಪದ ಆಸರೆ.

ನೀರು, ಅನಂತರ ಕಾಳು

ಮರಿ ಬೆಚ್ಚಗಾಗಿ ತಲೆಯೆತ್ತಿದ ಮೇಲೆ ನೀರು. ಉಗುರು ಬೆಚ್ಚಗಿನ ಒಂದು ಲೋಟ ನೀರಿಗೆ ಒಂದು ಚಹಾ ಚಮಚ ಸಕ್ಕರೆ ಬೆರೆಸಿ, ಮರಿಯ ಕೊಕ್ಕಿನ ತುದಿಯನ್ನು ಮಾತ್ರ ಅದರಲ್ಲಿ ಅದ್ದಿರಿ. ಹೀಗೆ ಒಂದೆರಡು ಸಲ ಮಾಡಿದರೆ ತಾನೇ ತಲೆಯೆತ್ತಿ ನುಂಗುವುದನ್ನು ಕಲಿಯುತ್ತದೆ. ತೀರ ಬಳಲಿದ್ದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಇಟ್ಟು, ಅದು ನುಂಗುವವರೆಗೆ ಕಾಯಬೇಕು. ಬಾಯಿ ತೆರೆಯಿಸಿ ಹೊಯ್ಯಲೇಬಾರದು. ಉಸಿರಿನ ನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ಸಕ್ಕರೆ ನೀರು ಒಂದು ದಿನಕ್ಕೆ ಸಾಕು. ಅನಂತರ ಬರಿಯ ನೀರು. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ಕೆಲವು ಬೆಣಚುಕಲ್ಲುಗಳಿರಲಿ. ದುರ್ಬಲ ಮರಿ ಅರ್ಧ ಅಂಗುಲ ನೀರಿನಲ್ಲಿಯೂ ಮುಳುಗಬಲ್ಲದು.

ಈಗ ಆಹಾರ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ಕಾಳಿನಷ್ಟು ಇಟ್ಟು, ಪಕ್ಕದಲ್ಲಿ ಬೆರಳ ತುದಿಯಿಂದ ಟಕ್ ಟಕ್ ಎಂದು ಕುಟ್ಟಿದರೆ, ತಾಯಿ ಕುಕ್ಕಿ ತೋರಿಸಿದಳೆಂಬ ಭಾವನೆಯಿಂದ ಮರಿ ಕೊಕ್ಕು ಹಾಕುತ್ತದೆ. ನಮ್ಮ ಹುಡುಗ ಹೊರಗಿನಿಂದ ಮೊಟ್ಟೆ ತಂದು ಬೇಯಿಸಿಕೊಂಡು ಬಂದಾಗ ಭಟ್ಟರು ಮುಖ ಆಚೆ ತಿರುಗಿಸಿಕೊಂಡರೇ ವಿನಾ ಬೇಡವೆನ್ನಲಿಲ್ಲ. ಎರಡನೆಯ ದಿನದಿಂದ, ಅಂಗಡಿಯಲ್ಲಿ ಸಿಗುವ ಮರಿಗಳ ಸ್ಟಾರ್ಟರ್ ಆಹಾರವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕೊಡಬೇಕು. ಅದರಲ್ಲಿ ಸಸಾರಜನಕ ನೂರಕ್ಕೆ ಇಪ್ಪತ್ತರಷ್ಟಿರುತ್ತದೆ. ಬರಿಯ ನುಚ್ಚಿನಿಂದ ಹೊಟ್ಟೆ ತುಂಬುವುದೇ ಹೊರತು ಮೈ ಬೆಳೆಯದು. ಹಳ್ಳಿಯಲ್ಲಿ ಹಿರಿಯರು ಮರಿಗಳಿಗೆ ಗೆದ್ದಲು ಹಾಕುತ್ತಿದ್ದುದು ಈ ಕೊರತೆಯನ್ನೇ ತುಂಬುತ್ತಿತ್ತು. ಮೊಟ್ಟೆಯಿಡುವ ಕೋಳಿಯ ಆಹಾರವನ್ನು ಮಾತ್ರ ಮರಿಗೆ ಹಾಕಬೇಡಿರಿ. ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮೆತ್ತಗೆ ಮಾಡಿದ ಆಹಾರ ಉಳಿದರೆ ಎರಡು ಮೂರು ಗಂಟೆಗಳಲ್ಲಿ ಎಸೆದುಬಿಡಿ. ಹುಳಿಯಾದುದು ವಿಷಕ್ಕೆ ಸಮಾನ.

ನೋಡಬೇಕಾದ ನಾಲ್ಕು ಕಡೆಗಳು

ಮೊದಲನೆಯದು ಗುದದ್ವಾರ. ಹಿಕ್ಕೆ ಅಂಟಿ ಒಣಗಿ ದಾರಿ ಮುಚ್ಚಿದರೆ ಮರಿ ಸಾಯುತ್ತದೆ. ಬಿಸಿನೀರಿನಲ್ಲಿ ಅದ್ದಿದ ಅರಳೆಯಿಂದ ನೆನೆಸಿ, ಎಳೆಯದೆ ಮೆಲ್ಲಗೆ ಬಿಡಿಸಿ, ಒರೆಸಿ ಒಣಗಿಸಿ ಮತ್ತೆ ಕಾವಿಗೆ ಬಿಡಬೇಕು.

ಎರಡನೆಯದು ಹೊಕ್ಕುಳು. ಅಲ್ಲಿ ಅಂಟಿದ ಒಣ ಎಳೆಯನ್ನು ಎಂದಿಗೂ ಕೀಳಬಾರದು. ಹೊಕ್ಕುಳು ಕೆಂಪಾಗಿ ಊದಿ ದುರ್ವಾಸನೆ ಬಂದರೆ ನಂಜು ಒಳಗಿಳಿದಿದೆಯೆಂದು ಅರ್ಥ. ಅಂಥದು ಉಳಿಯುವುದು ಅಪರೂಪ.

ಮೂರನೆಯದು ಕಾಲು. ನುಣುಪಾದ ನೆಲದ ಮೇಲೆ ದುರ್ಬಲ ಮರಿಯ ಕಾಲುಗಳು ಎರಡು ಕಡೆಗೆ ಜಾರಿ ಅಗಲವಾಗಿಬಿಡುತ್ತವೆ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕಾಲಡಿಗೆ ಹಾಸುವ ವೃತ್ತಪತ್ರಿಕೆ. ಆದುದರಿಂದ ನಮ್ಮ ಪತ್ರಿಕೆಯನ್ನು ದಯವಿಟ್ಟು ಓದಿರಿ, ಮರಿಯ ಕಾಲಡಿಗೆ ಹಾಸಬೇಡಿರಿ. ಗೋಣಿಯ ತುಂಡು ಹಾಸಿರಿ. ಕಾಲು ಆಗಲೇ ಅಗಲವಾಗಿದ್ದರೆ, ಅಂಟುಪಟ್ಟಿಯ ತುಂಡಿನಿಂದ ಎರಡೂ ಕಾಲುಗಳನ್ನು ಸಹಜವಾದ ಅಂತರದಲ್ಲಿ ಸಡಿಲವಾಗಿ ಜೋಡಿಸಿ ಕಟ್ಟಿದರೆ ಕೆಲವೇ ದಿನಗಳಲ್ಲಿ ನೆಟ್ಟಗಾಗುವುದುಂಟು. ಬೇಗ ಮಾಡಿದಷ್ಟೂ ಫಲ ಹೆಚ್ಚು. ಬೆರಳುಗಳು ಒಳಕ್ಕೆ ಮಡಚಿಕೊಂಡರೆ ಅದು ಹೆಚ್ಚಾಗಿ ಬಿ೨ ಜೀವಸತ್ವದ ಕೊರತೆ. ಪಶುವೈದ್ಯರಿಂದ ಔಷಧ ಪಡೆಯಬೇಕು.

ನಾಲ್ಕನೆಯದು ಜೊತೆಗಾರರು. ಬಲಿಷ್ಠ ಮರಿಗಳು ಸಣ್ಣದನ್ನು ತುಳಿದು, ಕುಕ್ಕಿ, ಆಹಾರದಿಂದ ದೂರ ತಳ್ಳುತ್ತವೆ. ಆದರೆ ಒಂಟಿಯಾಗಿಟ್ಟರೂ ಅದು ಕೂಗಿ ಕೂಗಿ ಬಳಲುತ್ತದೆ. ಒಂದು ಸಾಧುವಾದ ಮರಿಯನ್ನು ಜೊತೆಗಿಡುವುದು, ಇಲ್ಲವೆ ನಡುವೆ ಬಲೆಯ ತಡಿಕೆ ಹಾಕಿ ಉಳಿದವುಗಳ ಕಣ್ಣೆದುರಿಗೇ ಇಡುವುದು ಉತ್ತಮ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ಕುಕ್ಕುಟ ಸಂಶೋಧನ ನಿರ್ದೇಶನಾಲಯದ ವನರಾಜ ಮೊದಲಾದ ತಳಿಗಳನ್ನು ಊರಲ್ಲಿ ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವು ನಾಟಿ ಮರಿಗಳಿಗಿಂತ ಬೇಗ ಬೆಳೆಯುವುದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಸಾಕಿದರೆ ನಾಟಿ ಮರಿಗೆ ಉಳಿಗಾಲವಿಲ್ಲ.

ಹುಟ್ಟುವ ಮೊದಲೇ

ಮರಿಯ ತೂಕ ಸಾಧಾರಣವಾಗಿ ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು. ಸಣ್ಣ ಮೊಟ್ಟೆಯಿಂದ ಸಣ್ಣ ಮರಿ. ಆದುದರಿಂದ ಎಳೆ ಹೇಂಟೆಯ ಚೊಚ್ಚಲ ಮೊಟ್ಟೆಗಳನ್ನೂ, ವಾರಕ್ಕಿಂತ ಹಳೆಯವನ್ನೂ ಕಾವಿಗಿಡದೆ ಅಡಿಗೆಗೆ ಬಳಸುವುದು ಜಾಣತನ. ಎಲ್ಲ ಮೊಟ್ಟೆಗಳನ್ನು ಒಂದೇ ದಿನ ಇಡಬೇಕು. ದಿನಕ್ಕೊಂದು ಸೇರಿಸುತ್ತ ಹೋದರೆ, ಮೊದಲು ಹುಟ್ಟಿದವನ್ನು ಕರೆದುಕೊಂಡು ತಾಯಿ ಹೊರಟುಬಿಡುತ್ತಾಳೆ, ಕೊನೆಯದು ಗೂಡಿನಲ್ಲಿಯೇ ತಣ್ಣಗಾಗುತ್ತದೆ. ನಮ್ಮ ಗುಮಾಸ್ತ ಮಿತ್ರರ ತಾಯಿಯವರ ಎಂಟನೆಯ ಮರಿಗೆ ಆದದ್ದೂ ಇದೇ ಇರಬೇಕು. ತಡವಾಯಿತೆಂದು ಚಿಪ್ಪನ್ನು ಒಡೆದು ಮರಿಯನ್ನು ಎಳೆಯುವುದು ಮಾತ್ರ ತಪ್ಪು. ರಕ್ತನಾಳಗಳು ಇನ್ನೂ ಒಣಗಿರದಿದ್ದರೆ ಮರಿ ರಕ್ತ ಸೋರಿ ಸಾಯುತ್ತದೆ.

ಎಲ್ಲ ಮರಿಗಳನ್ನೂ ಉಳಿಸಲಾಗದು ಎಂಬುದನ್ನೂ ಹೇಳಬೇಕು. ಬಿಳಿ ಭೇದಿಯಾಗಿ ಒಂದರ ಹಿಂದೊಂದು ಸಾಯತೊಡಗಿದರೆ, ಉಸಿರಾಟದಲ್ಲಿ ಗೊರಗೊರ ಸದ್ದು ಕೇಳಿಸಿದರೆ, ಅದು ಬಡಕಲುತನವಲ್ಲ, ರೋಗ. ರೋಗದ ಮರಿಯನ್ನು ಒಡನೆಯೇ ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು. ಮೊದಲ ವಾರದಲ್ಲಿ ಕಣ್ಣಿಗೆ ಇಲ್ಲವೆ ಮೂಗಿಗೆ ಹನಿ ಹಾಕುವ ರಾಣಿಖೇತ ರೋಗದ ಲಸಿಕೆಯನ್ನು ಮರೆಯಬಾರದು. ಬಳಲಿದ ಮರಿ ಚೇತರಿಸಿಕೊಂಡ ಮೇಲೆ ಹಾಕಿಸುವುದು ಲೇಸು. ಮರಿಯನ್ನು ಮುಟ್ಟಿದ ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು, ಮಕ್ಕಳು ಅದಕ್ಕೆ ಮುತ್ತಿಡಲು ಬಿಡಬಾರದು, ಅಡಿಗೆಮನೆಗೆ ತರಲೇಬಾರದು. ಮರಿ ಉಳಿಯುತ್ತಿದೆಯೇ ಎಂದು ತಿಳಿಯಲು ತಕ್ಕಡಿಯೇ ಸಾಕ್ಷಿ. ಮೊದಲೆರಡು ದಿನ ಕಳೆದ ಮೇಲೆ ತೂಕ ದಿನದಿನಕ್ಕೆ ಸ್ವಲ್ಪವಾದರೂ ಏರಬೇಕು.

ನಮ್ಮ ಗುಲಾಬಿ ಮರಿಯ ತೂಕವನ್ನು ಹುಡುಗ ಸಾಂಬಾರ ಪುಡಿ ತೂಗುವ ಚಿಕ್ಕ ಯಂತ್ರದಲ್ಲಿ ನೋಡಹೊರಟಾಗ ಭಟ್ಟರು ಗದರಿಸಿ, ಬೇರೆಯೇ ಒಂದನ್ನು ತರಿಸಿಕೊಟ್ಟರು. ಆ ದಿನಗಳಲ್ಲಿ ಒಮ್ಮೆ ನಾವು ಮಾಳಿಗೆಗೆ ಹೋಗಿ, “ನಿನಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?” ಎಂದು ಕೇಳಿದೆವು. ಊರಲ್ಲಿ ತಾಯಿ ಕೋಳಿ ಸಾಕುತ್ತಾರೆಂದೂ, ತನ್ನ ಮುಂಬಯಿ ರೈಲಿನ ಟಿಕೇಟು ಎರಡು ಹುಂಜ ಮಾರಿದ ಹಣದಿಂದ ಬಂದುದೆಂದೂ ಹೇಳಿದ. ತುಸು ಹೊತ್ತು ಸುಮ್ಮನಿದ್ದು, “ಅಣ್ಣಾ, ಬಂದ ಹೊಸತರಲ್ಲಿ ನನಗೆ ಇಲ್ಲಿ ಊಟ ಇಳಿಯುತ್ತಿರಲಿಲ್ಲ. ಈಗ ಪರವಾಗಿಲ್ಲ” ಎಂದ. ಅವನು ಏಕೆ ಉಣ್ಣುವುದಿಲ್ಲವೆಂದು ಆ ತಿಂಗಳಲ್ಲಿ ಒಂದು ದಿನವಾದರೂ ನಾವು ಕೇಳಿರಲಿಲ್ಲ. “ಹೊಟ್ಟೆ ತುಂಬ ತಿನ್ನು” ಎಂದು ಗದರಿಸಿದ್ದೆವು, ಅಷ್ಟೆ.

ಮರಿ ಹುಂಜವಾಯಿತು. ಬಣ್ಣವೆಲ್ಲ ಉದುರಿ ಬೆಳ್ಳಗಾಯಿತು. ಗಾತ್ರದಲ್ಲಿ ಕೊನೆಯವರೆಗೂ ಸಣ್ಣದೇ. ವಸಯಿ ಕಡೆ ಹಿತ್ತಲಿದ್ದ ಗಿರಾಕಿಯೊಬ್ಬರು ಅದನ್ನು ಕೊಂಡೊಯ್ದರು. ಹುಡುಗನನ್ನು ನಾವು ಊರಿಗೆ ಕಳುಹಿಸಲಿಲ್ಲ. ಹೋಟೆಲನ್ನು ನಾವು ಬಿಟ್ಟುಕೊಟ್ಟ ದಿನ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ನಮಗೆ ಒಪ್ಪಿಸಿದವನು ಅವನೇ.

ಗುಮಾಸ್ತ ಮಿತ್ರರು ನಮ್ಮ ಕಚೇರಿಯಿಂದಲೇ ಊರಿಗೆ ಫೋನು ಮಾಡಿದರು. “ಅಮ್ಮಾ, ಈಗಲೇ ಏನೂ ತಿನ್ನಿಸಬೇಡ. ಮೊದಲು ಅದನ್ನು ಬೆಚ್ಚಗಿಡು” ಎಂದು ಹೇಳುತ್ತಿದ್ದುದು ನಮಗೆ ಕೇಳಿಸಿತು. ಊರಿಗೆ ಫೋನು ಮಾಡುವ ಉಳಿದ ವಾಚಕರೂ ಈ ಒಂದು ಮಾತನ್ನು ಮನೆಯವರಿಗೆ ತಿಳಿಸಬೇಕೆಂದು ಕೋರುತ್ತೇವೆ; ದೀಪ ಯಾವ ಬಗೆಯದೆಂದು ಕೇಳಲು ಮರೆಯದಿರಿ.